ಏಳು ಗೋಲಿನ ಸೋಲಿನ ಮಾರನೆಯ ವರ್ಷ

2022ರ ಏಪ್ರಿಲ್ 28, ಕೇರಳದ ಮಂಜೇರಿ. ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿಯ ಸೆಮಿಫೈನಲ್‌ನಲ್ಲಿ ಆತಿಥೇಯ ಕೇರಳದ ಎದುರು ಮೊದಲು ಗೋಲು ಹೊಡೆದದ್ದು ಕರ್ನಾಟಕ. 25ನೇ ನಿಮಿಷದಲ್ಲಿ ಸುಧೀರ್ ಕೋಟಿಕೆಲ ಚೆಂಡನ್ನು ಬಲೆಗೆ ಸೇರಿಸಿದರು. ಅದಾಗಿ ಐದು ನಿಮಿಷಕ್ಕೆ ಕೇರಳ ಒಬ್ಬ ಬದಲಿ ಆಟಗಾರನನ್ನು ಕಣಕ್ಕಿಳಿಸಿತು. ಹೆಸರು ಜೆಸಿನ್, ಪಕ್ಕದ ನಿಲಂಬೂರಿನ ಹುಡುಗ. 35ನೇ ನಿಮಿಷದಲ್ಲಿ ಅವನ ಮೊದಲ ಗೋಲು ಬಂತು. 42ಕ್ಕೆ ಎರಡನೆಯದು, 44ಕ್ಕೆ ಮೂರನೆಯದು. 45ನೇ ನಿಮಿಷದಲ್ಲಿ ಶಿಘಿಲ್ ಇನ್ನೊಂದು ಹೊಡೆದ. ಹತ್ತೇ ಹತ್ತು ನಿಮಿಷದಲ್ಲಿ ನಾಲ್ಕು ಗೋಲು. ವಿರಾಮದ ಹೊತ್ತಿಗೆ ಪಂದ್ಯ ಕರ್ನಾಟಕದ ಕೈಜಾರಿ ಹೋಗಿತ್ತು. ಕೊನೆಗೆ ಅಂಕಪಟ್ಟಿ 7–3 ಎಂದು ನಿಂತಿತು. ಆ ಏಳರಲ್ಲಿ ಐದು ಜೆಸಿನ್ ಒಬ್ಬನವೇ.

ಸೆಮಿಫೈನಲ್‌ನಲ್ಲಿ ಮೂರು ಗೋಲು ಹೊಡೆದ ತಂಡ ಸಾಮಾನ್ಯವಾಗಿ ಗೆದ್ದು ಬರುತ್ತದೆ. ಮೂರು ಹೊಡೆದೂ ನಾಲ್ಕು ಗೋಲಿನ ಅಂತರದಲ್ಲಿ ಸೋಲುವುದೆಂದರೆ, ಮುಂದೆ ಓಡುವ ಕಾಲುಗಳಿಗೆ ಕೊರತೆಯಿರಲಿಲ್ಲ, ಹಿಂದೆ ನಿಂತು ಹೊತ್ತು ಕಾಯುವ ತಾಳ್ಮೆ ಇರಲಿಲ್ಲ ಎಂದರ್ಥ. ಆ ಹತ್ತು ನಿಮಿಷವನ್ನು ನಾನು ಮತ್ತೆ ಮತ್ತೆ ನೆನೆದಿದ್ದೇನೆ. ಒಂದು ಗೋಲು ಬಿಟ್ಟುಕೊಟ್ಟ ತಂಡ ಸಾವರಿಸಿಕೊಳ್ಳಬೇಕು. ಚೆಂಡನ್ನು ತಮ್ಮಲ್ಲೇ ಇಟ್ಟುಕೊಂಡು, ಹೊರಗೆ ಹೊಡೆದು, ಹೇಗಾದರೂ ವಿರಾಮ ಮುಟ್ಟಬೇಕು. ನಮ್ಮವರು ಮುಟ್ಟಲಿಲ್ಲ. ಆ ವರ್ಷ ತಂಡಕ್ಕೆ ಕೋಚ್ ಆಗಿದ್ದವರು ಬಿಬಿ ಥಾಮಸ್, ಅವರು ಕೇರಳದವರೇ. ಮರುವರ್ಷ ಆ ಹೊಣೆ ರವಿ ಬಾಬು ರಾಜು ಅವರ ಹೆಗಲಿಗೆ ಬಂತು.

ಅವರಿಗೆ ವಹಿಸಿದ ತಂಡದ ಹಿಂದೆ 7–3 ಮಾತ್ರ ಇರಲಿಲ್ಲ, ಇನ್ನೂ ದೊಡ್ಡ ಭಾರವಿತ್ತು. ಸಂತೋಷ್ ಟ್ರೋಫಿಯನ್ನು ನಮ್ಮ ರಾಜ್ಯ ನಾಲ್ಕು ಸಲ ಗೆದ್ದಿತ್ತು: 1946–47, 1952–53, 1967–68, 1968–69. ನಾಲ್ಕೂ ಸಲ ಫೈನಲ್‌ನಲ್ಲಿ ಸೋತು ಹೋದದ್ದು ಬಂಗಾಳ. ಆದರೆ ಆ ನಾಲ್ಕೂ ಗೆಲುವು ಇರುವುದು ‘ಮೈಸೂರು’ ಎಂಬ ಹೆಸರಿನಲ್ಲಿ. 1973ರ ನವೆಂಬರ್ 1ಕ್ಕೆ ರಾಜ್ಯ ಕರ್ನಾಟಕವಾಯಿತು. ಹೊಸ ಹೆಸರಿನಲ್ಲಿ ತಂಡ 1975–76ರಲ್ಲಿ ಒಮ್ಮೆ ಫೈನಲ್‌ವರೆಗೆ ಹೋಗಿ, ಕೋಯಿಕ್ಕೋಡಿನಲ್ಲಿ ಅದೇ ಬಂಗಾಳಕ್ಕೆ ಸೋತು ಬಂತು. ಅಲ್ಲಿಂದ ಮುಂದೆ 47 ವರ್ಷ ಫೈನಲ್ ಎಂಬುದನ್ನೇ ಕಾಣಲಿಲ್ಲ. ಕರ್ನಾಟಕ ಎಂಬ ಹೆಸರಿಗೆ ಒಂದೇ ಒಂದು ಸಂತೋಷ್ ಟ್ರೋಫಿ ಇರಲಿಲ್ಲ.

ಕ್ರಿಕೆಟ್ಟಿನಲ್ಲಿ ನಮಗೆ ಹೀಗಾಗಲಿಲ್ಲ. ಮೈಸೂರು ಕರ್ನಾಟಕವಾದ ಮರುವರ್ಷವೇ, 1974ರಲ್ಲಿ, ಮೊದಲ ರಣಜಿ ಟ್ರೋಫಿ ಬಂತು. ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ಮನೆಮನೆಯ ಹೆಸರಾದರು. ಫುಟ್‌ಬಾಲ್ ಮಾತ್ರ ಹಳೆಯ ಹೆಸರಿನ ಜೊತೆಗೇ ಹಿಂದೆ ಉಳಿದುಬಿಟ್ಟಿತು. ಇದನ್ನು ಹೇಳುವಾಗ ನನಗೆ ನಿಜಕ್ಕೂ ನೋವಾಗುತ್ತದೆ. ಏಕೆಂದರೆ ಒಂದು ಕಾಲಕ್ಕೆ ಈ ದೇಶಕ್ಕೆ ಫುಟ್‌ಬಾಲ್ ಆಡುವುದನ್ನು ತೋರಿಸಿಕೊಟ್ಟ ಊರುಗಳಲ್ಲಿ ಬೆಂಗಳೂರೂ ಒಂದು.

ಅದರ ಮೂಲ ದಂಡಿನಲ್ಲಿದೆ. 1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ದಂಡು ಕಟ್ಟಿದರು. ಸೈನಿಕರ ಜೊತೆಗೆ ಅವರ ಬಟ್ಟೆ ಒಗೆಯುವವರು, ಅಡುಗೆಯವರು, ಕುದುರೆ ನೋಡಿಕೊಳ್ಳುವವರು, ಗಾರೆ ಕೆಲಸದವರು ಬಂದು ನೆಲೆಸಿದರು. ಅವರ ಮನೆಮಾತು ತಮಿಳು, ಉರ್ದು, ತೆಲುಗು, ಇಂಗ್ಲಿಷು. ಪರೇಡ್ ಮೈದಾನಗಳಲ್ಲಿ ದೊರೆಗಳು ಚೆಂಡು ಒದೆಯುವುದನ್ನು ಇವರ ಮಕ್ಕಳು ಬೇಲಿಯಾಚೆ ನಿಂತು ನೋಡಿದರು. ಹೊರಗೆ ಬಂದ ಚೆಂಡನ್ನು ಒದ್ದು ವಾಪಸು ಕೊಟ್ಟರು. ಆಮೇಲೆ ತಾವೇ ಆಡತೊಡಗಿದರು. ಶೂ ಇರಲಿಲ್ಲ. ಕಾಲಿನ ಗಿಣ್ಣಿಗೆ ಬಟ್ಟೆಯ ಪಟ್ಟಿ ಬಿಗಿಯಾಗಿ ಸುತ್ತಿಕೊಂಡು, ಬರಿಗಾಲಿನಲ್ಲಿ, ಕಲ್ಲುಮಣ್ಣಿನ ನೆಲದಲ್ಲಿ ಆಡಿದರು. ಹಾಗೆ ಕಲಿತ ಕಾಲಿಗೆ ಚೆಂಡು ಅಂಟಿಕೊಂಡಂತೆ ಇರುತ್ತಿತ್ತು. ಹೆಬ್ಬೆರಳಿನ ಪಕ್ಕದಲ್ಲಿ ಅದನ್ನು ತಡೆದು, ಅಂಗಾಲಿನಿಂದ ಹಿಂದಕ್ಕೆಳೆದು, ಎದುರಿನ ಬೂಟುಗಾಲು ಬರುವಷ್ಟರಲ್ಲಿ ಇನ್ನೊಂದು ಕಾಲಿಗೆ ದಾಟಿಸಿಬಿಡುತ್ತಿದ್ದರು.

ಮುಂಬಯಿಯ ರೋವರ್ಸ್ ಕಪ್ ಅನ್ನು ಬಹುಕಾಲ ಬ್ರಿಟಿಷ್ ಪಲ್ಟನ್ನುಗಳೇ ಗೆಲ್ಲುತ್ತಿದ್ದವು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. 1948ರ ಜುಲೈ 31ರಂದು, ಸ್ವತಂತ್ರ ಭಾರತ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಆಡಿತು. ನಮ್ಮ ಬಹುಪಾಲು ಆಟಗಾರರು ಅಂದು ಬರಿಗಾಲಿನಲ್ಲಿದ್ದರು. ಸಿಕ್ಕ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ಪಂದ್ಯ 2–1ರಿಂದ ಫ್ರಾನ್ಸ್ ಪಾಲಾಯಿತು. ಆದರೆ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ದೇಶದ ಮೊದಲ ಫುಟ್‌ಬಾಲ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದ ಅಹ್ಮದ್ ಖಾನ್, ಧನರಾಜ್ ಇಬ್ಬರೂ ಇಲ್ಲಿಯವರೇ. ಮುಂದೆ ಇವರಿಬ್ಬರೂ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಪರ ಒಟ್ಟಿಗೆ ಆಡಿದಾಗ, ಅಲ್ಲಿನ ಮುಂಚೂಣಿಯ ಐವರನ್ನು ಜನ ಪಂಚಪಾಂಡವರೆಂದು ಕರೆದರು. ಆ ಐವರಲ್ಲಿ ಇಬ್ಬರು ನಮ್ಮೂರವರು! 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ 10–1ರಿಂದ ಭಾರತವನ್ನು ಸೋಲಿಸಿತು. ಆ ಒಂದು ಗೋಲು ಅಹ್ಮದ್ ಖಾನರದು. ಬರಿಗಾಲಿನ ಆಟದ ಕಾಲ ಅಲ್ಲಿಗೆ ಮುಗಿಯಿತು.

ಇವರ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ರಾಮನ್, ಧನರಾಜ್, ಅಹ್ಮದ್ ಖಾನ್. ಮೈಸೂರು ಎಂಬ ಹೆಸರಿಗೆ ಕೀರ್ತಿ ತಂದವರ ಮನೆಗಳಲ್ಲಿ ಆಡುತ್ತಿದ್ದ ಮಾತು ಬೇರೆ ಬೇರೆ. ನಮ್ಮ ಸಾಹಿತ್ಯ ಚರಿತ್ರೆಯಲ್ಲಿ, ಏಕೀಕರಣದ ಚರಿತ್ರೆಯಲ್ಲಿ ದಂಡಿನ ಈ ಜನಕ್ಕೆ ಜಾಗ ಸಿಕ್ಕಿದ್ದು ಕಡಿಮೆ. ಎದೆಯ ಮೇಲೆ ರಾಜ್ಯದ ಹೆಸರು ಹೊತ್ತು ಆಡುವ ಹಕ್ಕನ್ನು ಮಾತ್ರ ಅವರು ತಮ್ಮ ಕಾಲಿನಿಂದಲೇ ಸಂಪಾದಿಸಿಕೊಂಡರು.

ಆಮೇಲಿನ ಇಳಿಗಾಲಕ್ಕೆ ಹಲವು ಕಾರಣ. ಬೆಂಗಳೂರಿನ ಫುಟ್‌ಬಾಲಿಗೆ ಅನ್ನ ಹಾಕಿದ್ದು ಐಟಿಐ, ಎಚ್‌ಎಎಲ್‌ನಂಥ ಸರ್ಕಾರಿ ಕಾರ್ಖಾನೆಗಳು. ಚೆನ್ನಾಗಿ ಆಡುವ ಹುಡುಗನಿಗೆ ಅಲ್ಲೊಂದು ಕಾಯಂ ನೌಕರಿ ಸಿಗುತ್ತಿತ್ತು. ಬೆಳಗ್ಗೆ ಕೆಲಸ, ಸಂಜೆ ಮೈದಾನ, ತಿಂಗಳಿಗೆ ಸಂಬಳ. ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನಿನ ಕಿರಿದಾದ ಮನೆಗಳಲ್ಲಿ ತಾಯ್ತಂದೆ ಮಗನನ್ನು ಆಟಕ್ಕೆ ಬಿಡುತ್ತಿದ್ದುದಕ್ಕೆ ಈ ಭರವಸೆಯೂ ಕಾರಣ. ಕಾರ್ಖಾನೆಗಳಲ್ಲಿ ನೇಮಕ ಇಳಿಯಿತು, ಭರವಸೆಯೂ ಇಳಿಯಿತು. ಎಚ್‌ಎಎಲ್ ತಂಡ ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್‌ವರೆಗೆ ಹೋಗಿ ಆಡಿ ಬಂದದ್ದು ಆ ಪರಂಪರೆಯ ಕೊನೆಯ ದೊಡ್ಡ ಪ್ರಯತ್ನ ಎನ್ನಬಹುದು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ನಗರದ ಹೊಸ ತಲೆಮಾರು ಮತ್ತೆ ಗ್ಯಾಲರಿ ಹತ್ತಿತು, ಅದು ಒಳ್ಳೆಯದೇ. ಅಷ್ಟರಲ್ಲಿ ಸಂತೋಷ್ ಟ್ರೋಫಿಯ ಸ್ಥಾನ ಬದಲಾಗಿತ್ತು. 1996ರಲ್ಲಿ ರಾಷ್ಟ್ರೀಯ ಲೀಗ್, 2014ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಬಂದ ಮೇಲೆ ದೊಡ್ಡ ಆಟಗಾರರು ರಾಜ್ಯದ ಪರ ಆಡುವುದು ನಿಂತೇಹೋಯಿತು. ಇನ್ನೂ ಹೆಸರಾಗದ ಹುಡುಗರು ತಮ್ಮನ್ನು ತೋರಿಸಿಕೊಳ್ಳುವ ಕಣವಾಗಿ ಅದು ಉಳಿಯಿತು.

ಇಂಥ ತಂಡದ ಕೋಚ್ ಕೆಲಸ ಶಾಲೆಯ ಡ್ರಿಲ್ ಮೇಷ್ಟರ ಕೆಲಸಕ್ಕಿಂತ ಕಷ್ಟದ್ದು ಎಂದೇ ನನ್ನ ಎಣಿಕೆ. ಮೇಷ್ಟರಿಗೆ ಹುಡುಗರು ವರ್ಷವಿಡೀ ಕಣ್ಣೆದುರಿಗೇ ಇರುತ್ತಾರೆ. ರಾಜ್ಯ ತಂಡದ ಕೋಚ್‌ಗೆ ಅವರು ಸಿಗುವುದು ಶಿಬಿರದ ಕೆಲವೇ ದಿನ. ಲೀಗ್‌ನಲ್ಲಿ ಪರಸ್ಪರ ಎದುರಾಳಿಗಳಾಗಿ ಆಡಿದವರು ಬಂದು ಒಂದೇ ಜೆರ್ಸಿ ತೊಡುತ್ತಾರೆ. ಒಬ್ಬೊಬ್ಬರದು ಒಂದೊಂದು ಕ್ಲಬ್ಬಿನ ರೂಢಿ. ಅಷ್ಟು ಕಡಿಮೆ ಅವಧಿಯಲ್ಲಿ ಯಾರಿಗೂ ಹೊಸದಾಗಿ ಡ್ರಿಬ್ಲಿಂಗ್ ಕಲಿಸಲಾಗದು. ಯಾರು ಎಲ್ಲಿ ನಿಲ್ಲಬೇಕು, ಚೆಂಡು ಕಳೆದುಕೊಂಡಾಗ ಯಾರು ಮೊದಲು ಹಿಂದಕ್ಕೆ ಓಡಬೇಕು, ಫ್ರೀ ಕಿಕ್ ಸಿಕ್ಕರೆ ಯಾರು ಹೊಡೆಯಬೇಕು ಎಂಬಷ್ಟನ್ನು ಮಾತ್ರ ಗಟ್ಟಿ ಮಾಡಬಹುದು. ಉಳಿದದ್ದು ಹುಡುಗರ ಎದೆಗಾರಿಕೆ.

2023ರ ಫೆಬ್ರುವರಿ. ಅಂತಿಮ ಸುತ್ತಿನ ಗುಂಪು ಪಂದ್ಯಗಳು ಭುವನೇಶ್ವರದಲ್ಲಿ. ಕರ್ನಾಟಕದ ಗುಂಪಿನಲ್ಲಿ ಪಂಜಾಬ್, ಗೋವಾ, ಮಹಾರಾಷ್ಟ್ರ, ಆತಿಥೇಯ ಒಡಿಶಾ ಇದ್ದವು. ಜೊತೆಗೆ ಹಾಲಿ ಚಾಂಪಿಯನ್ ಕೇರಳ. ಹತ್ತು ತಿಂಗಳ ಹಿಂದೆ ಏಳು ಗೋಲು ಹೊಡೆದ ಅದೇ ಕೇರಳ! ಈ ಸಲ ಕರ್ನಾಟಕ ಹೊಡೆದದ್ದು ಒಂದೇ ಗೋಲು, ಬಿಟ್ಟುಕೊಟ್ಟದ್ದು ಸೊನ್ನೆ. 7–3ರಿಂದ 0–1ಕ್ಕೆ ಬಂದ ಆ ಬದಲಾವಣೆಯಲ್ಲಿ ಹೊಸ ಕೋಚಿನ ಕೈವಾಡ ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಅಬ್ಬರದ ಗೆಲುವಲ್ಲ ಅದು. ಕಾದು, ತಡೆದು, ಹಿಡಿದಿಟ್ಟುಕೊಂಡ ಗೆಲುವು. ಗುಂಪಿನಿಂದ ಪಂಜಾಬ್ ಮತ್ತು ಕರ್ನಾಟಕ ಮುಂದೆ ಹೋದವು. ಚಾಂಪಿಯನ್ನರು ಮನೆಗೆ ಮರಳಿದರು.

ಸೆಮಿಫೈನಲ್ ಮತ್ತು ಫೈನಲ್ ಆ ವರ್ಷ ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ಕಿಂಗ್ ಫಹಾದ್ ಕ್ರೀಡಾಂಗಣದಲ್ಲಿ. 1941ರಲ್ಲಿ ಶುರುವಾದ ಟೂರ್ನಿ ಅದುವರೆಗೆ ಒಮ್ಮೆಯೂ ದೇಶದ ಗಡಿ ದಾಟಿರಲಿಲ್ಲ. ಹತ್ತಾರು ಸಾವಿರ ಜನ ಕೂರುತ್ತಿದ್ದ ಆ ಕ್ರೀಡಾಂಗಣಕ್ಕೆ ಡೇರೆಯಂಥ ಬಿಳಿಯ ಚಾವಣಿಯಿತ್ತು. ಊರಿನ ಮಣ್ಣಿನ ಮೈದಾನಗಳಲ್ಲಿ ಆಡಿ ಬೆಳೆದ ಹುಡುಗರು ಅದರ ಕೆಳಗೆ ನಿಂತಾಗ ಎದೆ ಹೊಡೆದುಕೊಂಡಿರಲೇಬೇಕು.

ಮಾರ್ಚ್ 1ರ ಸೆಮಿಫೈನಲ್‌ನಲ್ಲಿ ಎದುರಾಳಿ ಸರ್ವಿಸಸ್, ಅಂದರೆ ಸೈನ್ಯದ ತಂಡ. ದಣಿವೆಂಬುದನ್ನು ಅರಿಯದ, ಶಿಸ್ತಿನ ಆಟಗಾರರು. ವಿರಾಮಕ್ಕೆ ಸ್ವಲ್ಪ ಮುಂಚೆ ಮೊದಲ ಗೋಲು ಅವರೇ ಹೊಡೆದರು. ಮಂಜೇರಿಯ ಗಾಯ ಬಿಚ್ಚಿಕೊಳ್ಳಬಹುದಾಗಿದ್ದ ಗಳಿಗೆ ಅದೇ. ಹೊತ್ತೂ ಅದೇ, ಮೊದಲರ್ಧದ ಕೊನೆಯ ಹತ್ತು ನಿಮಿಷ. ಈ ಸಲ ತಂಡ ಚದುರಲಿಲ್ಲ. ಫ್ರೀ ಕಿಕ್ ಸಿಕ್ಕಿತು, ರಾಬಿನ್ ಯಾದವ್ ಅದನ್ನು ನೇರ ಬಲೆಗೆ ಕಳಿಸಿದರು. ವಿರಾಮದ ಶಿಳ್ಳೆ ಬೀಳುವ ಮೊದಲೇ ಪಿ. ಅಂಕಿತ್ ಇನ್ನೊಂದು ಹೊಡೆದರು. ದ್ವಿತೀಯಾರ್ಧದಲ್ಲಿ ಸುನಿಲ್ ಕುಮಾರ್ ಮೂರನೆಯದನ್ನು ಸೇರಿಸಿದರು. 3–1. 1976ರ ನಂತರ ಮೊದಲ ಫೈನಲ್.

ಆ ವಾರ ನಾನು ಅಮ್ಮನ ಜೊತೆ ಕಾಶಿಯಲ್ಲಿದ್ದೆ. ಇಳಿದುಕೊಂಡದ್ದು ಕೇದಾರ ಘಾಟ್ ಹತ್ತಿರದ ಓಣಿಯಲ್ಲಿ. ಗೌರಿ ಕೇದಾರೇಶ್ವರನ ಗುಡಿಯಿಂದ ಗಂಗೆಗೆ ಇಳಿಯುವ ಮೆಟ್ಟಿಲುಗಳಿಗೆ ಕೆಂಪು-ಬಿಳಿ ಪಟ್ಟೆ. ದಕ್ಷಿಣದವರು ತಲೆಮಾರುಗಳಿಂದ ಬಂದು ತಂಗುವ ಕೇರಿಯಾದ್ದರಿಂದ ಬೆಳಗ್ಗೆ ಸ್ನಾನದ ಹೊತ್ತಿಗೆ ತಮಿಳು, ತೆಲುಗು, ಕನ್ನಡ ಎಲ್ಲ ಕಿವಿಗೆ ಬೀಳುತ್ತವೆ. ದಂಡಿನ ಬೀದಿಯ ಹಾಗೆ. ದಡದಗುಂಟ ಅಸ್ಸಿಯ ಕಡೆಗೆ ನಡೆದರೆ ಹರಿಶ್ಚಂದ್ರ ಘಾಟ್ ಸಿಗುತ್ತದೆ. ಅದನ್ನು ದಾಟಿದರೆ ಕರ್ನಾಟಕ ಘಾಟ್. ಮೈಸೂರು ಸಂಸ್ಥಾನ ಕಟ್ಟಿಸಿದ್ದು. ಮೊದಲು ಮೈಸೂರು ಘಾಟ್ ಎಂದೇ ಹೆಸರು. ಕಲ್ಲು ಅವೇ, ಮೆಟ್ಟಿಲು ಅವೇ, ಹೆಸರು ಮಾತ್ರ ರಾಜ್ಯದ ಜೊತೆಗೆ ಬದಲಾಯಿತು. ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಗೋಡೆಯ ಮೇಲೆ ಬರೆದ ಹೆಸರು ತೋರಿಸಿದೆ. ಅವಳು ಬಗ್ಗಿ ಒಂದು ಬೊಗಸೆ ನೀರು ತೆಗೆದುಕೊಂಡು, ಸೂರ್ಯನ ಕಡೆ ತಿರುಗಿ ಬಿಟ್ಟಳು.

ಮಾರ್ಚ್ 3ಕ್ಕೆ ರಂಗಭರಿ ಏಕಾದಶಿ. ಕಾಶಿಗೆ ಹೋಳಿ ಕಾಲಿಡುವ ದಿನ ಅದು. ಮರುದಿನ ಶನಿವಾರವೂ ಮೆಟ್ಟಿಲುಗಳ ಸಂದಿಯಲ್ಲಿ ಗುಲಾಲು ಹಾಗೇ ಉಳಿದಿತ್ತು. ರಾತ್ರಿ ಊಟ ಮುಗಿಸಿ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಪಂದ್ಯ ಹಾಕಿಕೊಂಡೆ. ಅಮ್ಮ ಶಾಲು ಹೊದ್ದು ಪಕ್ಕದಲ್ಲಿ ಕೂತಳು.

“ಯಾರದೋ ಆಟ?”

“ನಮ್ಮವರದಮ್ಮ. ಕರ್ನಾಟಕದ್ದು. ಫೈನಲ್ಲು.”

“ಬೆಂಗಳೂರಲ್ಲಿ ನಡೀತಿದೆಯಾ?”

“ಇಲ್ಲ, ಸೌದೀಲಿ.”

ಎದುರಾಳಿ ಮೇಘಾಲಯ, ಫೈನಲ್‌ಗೆ ಅವರು ಬಂದದ್ದು ಅದೇ ಮೊದಲು. ಬೆಟ್ಟದ ಹುಡುಗರ ಓಟ ನೋಡಲು ಎರಡು ಕಣ್ಣು ಸಾಲದು. ಆದರೆ ಆಟ ಶುರುವಾಗಿ ಮೂರು ನಿಮಿಷ ತುಂಬುವುದರೊಳಗೆ ಸುನಿಲ್ ಕುಮಾರ್ ಗೋಲು ಹೊಡೆದುಬಿಟ್ಟರು. ನಾನು ಕೂಗಿದ ಕೂಗಿಗೆ ಕೆಳಗಿನ ಮೆಟ್ಟಿಲಲ್ಲಿ ಮಲಗಿದ್ದ ನಾಯಿ ಎದ್ದು ಹೋಯಿತು. ಹತ್ತು ನಿಮಿಷ ಆಗುವಷ್ಟರಲ್ಲಿ ಪೆನಾಲ್ಟಿಯಿಂದ ಬ್ರೋಲಿಂಗ್ಟನ್ ಸಮ ಮಾಡಿದರು. 20ನೇ ನಿಮಿಷದ ಹೊತ್ತಿಗೆ ಬೆಕಿ ಓರಾಂ ಮತ್ತೆ ಮುನ್ನಡೆ ತಂದುಕೊಟ್ಟರು.

ಅಮ್ಮ ವಿವರಣೆಕಾರ ಹೇಳುತ್ತಿದ್ದ ಹೆಸರುಗಳನ್ನು ಕೇಳಿಸಿಕೊಳ್ಳುತ್ತಿದ್ದಳು. ಓರಾಂ, ಯಾದವ್, ಗೋಲಿನಲ್ಲಿ ನಿಂತಿದ್ದ ಸತ್ಯಜಿತ್ ಬೊರ್ಡೊಲೊಯ್. “ಇವರೆಲ್ಲ ನಮ್ಮವರೇನೋ?” ಎಂದಳು. ಈ ಪ್ರಶ್ನೆಯನ್ನು ಆಮೇಲೆ ಹಲವರು ಸ್ವಲ್ಪ ಗಡಸು ದನಿಯಲ್ಲಿ ಕೇಳಿದ್ದನ್ನು ಬಲ್ಲೆ. ಅಮ್ಮ ಕೇಳಿದ್ದು ತಿಳಿದುಕೊಳ್ಳುವುದಕ್ಕೆ. ನಾನು ಹೌದೆಂದೆ. ಮೈಸೂರಿಗೆ ಮೊದಲ ಸಂತೋಷ್ ಟ್ರೋಫಿ ಗೆದ್ದುಕೊಟ್ಟವರ ಅಜ್ಜಂದಿರು ದಂಡಿನ ಕೆಲಸಕ್ಕೆ ಎಲ್ಲೆಲ್ಲಿಂದಲೋ ಬಂದು ಹಲಸೂರಿನ ಸುತ್ತ ಗುಡಿಸಲು ಹಾಕಿಕೊಂಡವರು. ಇಂದು ಬೆಂಗಳೂರಿನ ಲೀಗ್‌ಗೆ ದೇಶದ ನಾಲ್ಕು ಮೂಲೆಯಿಂದ ಬರುವ ಹುಡುಗರು ಅದೇ ದಾರಿಯಲ್ಲಿ ನಡೆದು ಬಂದಿದ್ದಾರೆ. ಬೆಂಗಳೂರಿನ ಫುಟ್‌ಬಾಲ್ ಎಂದೂ ಒಂದೇ ಮನೆಮಾತಿನವರ ಆಟವಾಗಿರಲಿಲ್ಲ. ನಮ್ಮ ರಾಜ್ಯಕ್ಕಾಗಿ ಬೆವರು ಸುರಿಸುವವನನ್ನು ನಮ್ಮವನಲ್ಲ ಎನ್ನುವುದಾದರೆ ಅಹ್ಮದ್ ಖಾನರನ್ನೂ ರಾಮನ್ ಅವರನ್ನೂ ನಾವು ಯಾವ ಬಾಯಿಂದ ನೆನೆಯುವುದು?

ಮೊದಲರ್ಧ ಮುಗಿಯುತ್ತ ಬಂತು. ಮತ್ತೆ ಅದೇ ಕೊನೆಯ ನಿಮಿಷಗಳು. ದೂರದಿಂದ ಒಂದು ಫ್ರೀ ಕಿಕ್. ರಾಬಿನ್ ಯಾದವ್ ಚೆಂಡನ್ನು ನೆಲಕ್ಕಿಟ್ಟರು. ಫೋನಿನ ಅಂಗೈಯಗಲದ ಪರದೆಯಲ್ಲಿ ಚೆಂಡು ಒಂದು ಬಿಳಿಯ ಚುಕ್ಕೆ. ಆ ಚುಕ್ಕೆ ಗೋಡೆಯಾಗಿ ನಿಂತವರನ್ನು ದಾಟಿತು, ಬಾಗಿತು, ಬಲೆ ಅಲುಗಿತು. 3–1. ಮಂಜೇರಿಯಲ್ಲಿ ಪಂದ್ಯ ಕಳೆದುಕೊಂಡ ಹೊತ್ತಿನಲ್ಲೇ ರಿಯಾದ್‌ನಲ್ಲಿ ಎರಡೆರಡು ಸಲ ಪಂದ್ಯ ಗಳಿಸಿಕೊಂಡರು. ಟೂರ್ನಿಯ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಆ ರಾತ್ರಿ ರಾಬಿನ್ ಅವರಿಗೇ ಬಂತು.

ದ್ವಿತೀಯಾರ್ಧ ನೋಡುವುದು ಸುಲಭವಿರಲಿಲ್ಲ. 60ನೇ ನಿಮಿಷದಲ್ಲಿ ಶೀನ್ ಸ್ಟೀವನ್‌ಸನ್ ಮೇಘಾಲಯದ ಎರಡನೇ ಗೋಲು ಹೊಡೆದರು. ಇನ್ನು ಅರ್ಧ ಗಂಟೆ. ಎದುರಾಳಿ ಅಲೆಯ ಮೇಲೆ ಅಲೆಯಾಗಿ ಬರುತ್ತಿದ್ದರೆ ನಮ್ಮವರು ಹಿಂದೆ ಸರಿದು, ಅಡ್ಡ ನಿಂತು, ಚೆಂಡನ್ನು ದೂರ ದೂರ ಒದ್ದರು. ಆಟದ ಚೆಂದ ಬಯಸುವವರಿಗೆ ಅದು ಹಿಡಿಸಲಿಕ್ಕಿಲ್ಲ. ಮಂಜೇರಿಯನ್ನು ಕಂಡಿದ್ದ ನನಗೆ ಪ್ರತಿಯೊಂದು ಒದೆತವೂ ಚೆಂದವೇ. ಅಮ್ಮ ಚಳಿಯೆಂದು ಎದ್ದು ಕೋಣೆಗೆ ಹೋದಳು. ನದಿಯ ಕಡೆಯಿಂದ ಗಾಳಿ ಬೀಸುತ್ತಿತ್ತು, ಫೋನಿನ ಚಾರ್ಜು ಕೆಂಪಿಗೆ ಬಂದಿತ್ತು. ಪರದೆಯ ಬೆಳಕು ತಗ್ಗಿಸಿ, ಕಣ್ಣಿಗೆ ಹತ್ತಿರ ಹಿಡಿದುಕೊಂಡು ನೋಡಿದೆ.

ಕೊನೆಯ ಶಿಳ್ಳೆ ಬಿತ್ತು. ಹುಡುಗರು ಇದ್ದ ಇದ್ದಲ್ಲೇ ನೆಲಕ್ಕೆ ಕುಸಿದರು. ಮೀಸಲು ಆಟಗಾರರು ಬದಿಯಿಂದ ಓಡಿಬಂದು ಅವರ ಮೇಲೆ ಬಿದ್ದರು. ನಾನು ಎದ್ದು ನಿಂತಿದ್ದೆ. ಯಾರಿಗಾದರೂ ಹೇಳಬೇಕು ಅನ್ನಿಸಿತು, ಹತ್ತಿರ ಯಾರೂ ಇರಲಿಲ್ಲ. ಕೆಳಗೆ ಗೂಟಕ್ಕೆ ಕಟ್ಟಿದ ದೋಣಿಯಲ್ಲಿ ಹಾಸಿಗೆ ಬಿಚ್ಚುತ್ತಿದ್ದ ಅಂಬಿಗರ ಹುಡುಗ ಇಷ್ಟು ಹೊತ್ತೂ ನನ್ನ ಕೂಗಾಟ ಕೇಳಿಸಿಕೊಂಡಿದ್ದವನು ತಲೆಯೆತ್ತಿ ನೋಡಿದ.

“ಕೌನ್ ಜೀತಾ, ಭೈಯಾ?”

“ಕರ್ನಾಟಕ” ಎಂದೆ.